ಬಾಗಿಲು ಮುಚ್ಚದೆ ಹೊರಡದವನ ದೋಣಿ

ನಮ್ಮ ಭಾವ ಮುಚ್ಚಿದ ಡಬ್ಬಿಯನ್ನು ತೆರೆಯುವ ಗಂಡಸು ಇನ್ನೂ ಹುಟ್ಟಿಲ್ಲ. ಹುಟ್ಟಿದ್ದರೂ ನಮ್ಮ ಬೀದಿಯಲ್ಲಂತೂ ಇಲ್ಲ. ತಂಗಿಯ ಮನೆಯ ಸಕ್ಕರೆ ಡಬ್ಬಿಯನ್ನು ಒಮ್ಮೆ ನಾನು ಎರಡು ಮಂಡಿಗಳ ನಡುವೆ ಸಿಕ್ಕಿಸಿಕೊಂಡು ಮುಚ್ಚಳ ತಿರುಗಿಸಿದೆ. ಮುಚ್ಚಳ ಇದ್ದಲ್ಲೇ ಇತ್ತು, ನಾನು ಮೂರು ಸುತ್ತು ತಿರುಗಿದ್ದೆ. ಅವನು ನಿಲ್ಲಿಸಿದ ನಲ್ಲಿಯಲ್ಲಿ ಮತ್ತೆ ನೀರು ಬರಬೇಕಾದರೆ ಮೊದಲು ಪ್ಲಂಬರ್ ಬರಬೇಕು. ಅವನು ಹಾಕಿದ ಕಿಟಕಿ ಬೇಸಿಗೆಯಲ್ಲಿ ಹಾಕಿದ್ದಾದರೆ ಮಳೆಗಾಲಕ್ಕೆ ತೆರೆಯುತ್ತದೆ.

ತಂಗಿಯ ಗಂಡನನ್ನು ಏಕವಚನದಲ್ಲಿ ಅನ್ನಬಾರದು, ಒಪ್ಪಿದೆ. ಆದರೆ ಅವನು ಭಾವನಾಗುವ ಮೊದಲು ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತು ನನ್ನ ಉತ್ತರಪತ್ರಿಕೆ ನೋಡಿ ಬರೆದು ನನಗಿಂತ ಹೆಚ್ಚು ಅಂಕ ತೆಗೆದವನು. ಅಂಥವನಿಗೆ ಬಹುವಚನ ಕೊಡಲು ನನ್ನ ನಾಲಿಗೆ ಒಪ್ಪುವುದಿಲ್ಲ.

ಒಂಬತ್ತು ಮಹಡಿಯ ಒಂದು ಕಚೇರಿ ಕಟ್ಟಡದಲ್ಲಿ ಅವನು ಮೂವತ್ತನಾಲ್ಕು ವರ್ಷ ಲಿಫ್ಟ್ ಓಡಿಸಿದ. ಎಲ್ಲರ ಬಾಯಲ್ಲೂ ಲಿಫ್ಟಣ್ಣ. ಹತ್ತಿ ಇಳಿದ ದೂರವನ್ನೆಲ್ಲ ಒಂದಕ್ಕೊಂದು ಗಂಟು ಹಾಕಿದರೆ ಚಂದ್ರನಿಗೆ ಹೋಗಿ, ಅಲ್ಲೊಂದು ನಿದ್ದೆ ತೆಗೆದು, ಬೇಜಾರಾಗಿ ವಾಪಸು ಬರಬಹುದಿತ್ತು. ಆದರೆ ಅಷ್ಟು ವರ್ಷದಲ್ಲಿ ಒಂದೇ ಒಂದು ಗೇಣು ಪಕ್ಕಕ್ಕೆ ಹೋದವನಲ್ಲ. ಆ ಲಿಫ್ಟಿಗೆ ಎರಡು ಜಾಲರಿ ಬಾಗಿಲು, ಮಹಡಿಯದೊಂದು, ಪೆಟ್ಟಿಗೆಯದೊಂದು. ಎರಡೂ ಕಚಕ್ಕೆಂದು ಕೂರದೆ ಜಪ್ಪಯ್ಯ ಅಂದರೂ ಲಿಫ್ಟು ಕದಲುತ್ತಿರಲಿಲ್ಲ. ಹಾಗಾಗಿ ಅವನ ಬಲಗೈಗೆ ಎರಡು ನಿಯಮಗಳು ಅಂಟಿಕೊಂಡವು: ಮುಚ್ಚದೆ ಹೊರಡಬಾರದು, ಎರಡು ಮಹಡಿಯ ನಡುವೆ ತೆರೆಯಬಾರದು. ಇವೆರಡು ಬಿಟ್ಟರೆ ಅವನಿಗೆ ಬೇರೆ ವೇದಾಂತ ಗೊತ್ತಿಲ್ಲ, ಸಂಸಾರವನ್ನೂ ಇವೆರಡರಲ್ಲೇ ನಡೆಸಿದ. ಒಮ್ಮೆ ಕರೆಂಟು ಹೋಗಿ ಐದನೆಯ ಮಹಡಿಗೂ ಆರಕ್ಕೂ ನಡುವೆ ಲಿಫ್ಟು ನಿಂತಾಗ ಒಳಗಿದ್ದ ಕಂಪನಿಯ ಯಜಮಾನರೇ ಬಾಗಿಲು ತೆಗೆಯೆಂದು ಕೂಗಾಡಿದರಂತೆ. ಇವನು ಜಾಲರಿಗೆ ಬೆನ್ನು ಕೊಟ್ಟು ನಿಂತುಬಿಟ್ಟ. ಕರೆಂಟು ಬಂದು ಕೆಳಗಿಳಿದ ಮೇಲೆ ಯಜಮಾನರು ಇವನ ಕೈ ಕುಲುಕಿದರು. ಇವನು ಹೇಳುವ ಪ್ರಕಾರ ಕಾಲಿಗೂ ಬೀಳುವವರಿದ್ದರು, ಇವನೇ ಬೇಡವೆಂದನಂತೆ.

ಕೊನೆಗೆ ಗುಂಡಿ ಒತ್ತಿದರೆ ತಾನೇ ಮುಚ್ಚಿಕೊಳ್ಳುವ ಲಿಫ್ಟು ಬಂತು, ಭಾವ ಮನೆಗೆ ಬಂದ.

ತಂಗಿ ಮಾತ್ರ ಇನ್ನೂ ಕೆಲಸದಲ್ಲಿದ್ದಳು. ಊರಿನ ಕೆರೆಯ ಆಚೆ ದಡದಲ್ಲಿ ದೊಡ್ಡಾಸ್ಪತ್ರೆ. ಅದರ ಲಾಂಡ್ರಿಗೆ ಇವಳೇ ಮೇಲ್ವಿಚಾರಕಿ. ಕೈಕೆಳಗೆ ಹನ್ನೊಂದು ಜನ ಹೆಂಗಸರು, ದಿನಕ್ಕೆ ಎಂಟುನೂರು ಹೊದಿಕೆ. ಹೊದಿಕೆ ಮೂಸಿ ನೋಡಿ ಯಾವ ರೋಗಿಗೆ ವಾಸಿಯಾಗುತ್ತಿದೆ ಎಂದು ಅವಳು ಬೆಳಿಗ್ಗೆ ಹೇಳಿದ್ದನ್ನೇ ಡಾಕ್ಟರು ಮಧ್ಯಾಹ್ನ ಹೇಳುತ್ತಾರೆ. ನಿವೃತ್ತಿಗೆ ಇನ್ನು ಎರಡು ವರ್ಷ ಇತ್ತು. ಲಾಂಡ್ರಿಯ ಕೀಲಿಗೊಂಚಲು ಅವಳ ಕೈಚೀಲದ ಒಳಜೇಬಿನಲ್ಲಿ ಇಪ್ಪತ್ತೇಳು ವರ್ಷದಿಂದ ಮಲಗಿ ಆ ಜೇಬು ಕೀಲಿಯ ಆಕಾರವನ್ನೇ ಪಡೆದಿತ್ತು.

ಅಷ್ಟರಲ್ಲಿ ಸೇತುವೆ ಬಿರುಕು ಬಿಟ್ಟಿತು. ರಿಪೇರಿಗೆ ಎರಡು ವರ್ಷ ಎಂದರು. ನಮ್ಮ ಕೆರೆ ಸಣ್ಣದಲ್ಲ, ಈ ದಡದಲ್ಲಿ ಸೀನಿದರೆ ಆ ದಡದವರಿಗೆ ಮಾರನೆಯ ದಿನ ನೆಗಡಿ. ಸೇತುವೆಯ ಮೇಲೆ ಬಸ್ಸಿನಲ್ಲಿ ಹತ್ತು ನಿಮಿಷವಾಗುತ್ತಿದ್ದ ದಾರಿ, ಸುತ್ತಿ ಹೋದರೆ ಎರಡು ಬಸ್ಸು ಬದಲಿಸಿ ಎರಡೂವರೆ ಗಂಟೆ. ಆಸ್ಪತ್ರೆಯವರು ಸದ್ಯದ ಮಟ್ಟಿಗೆ ವ್ಯಾನು ಕಳಿಸಿದರು. ಆಮೇಲೆ ಮೇಟ್ರನ್ ಅವಳನ್ನು ಕರೆದು, ಇಂಥ ಸೋಮವಾರದಿಂದ ವ್ಯಾನು ಇಲ್ಲ, ಅವತ್ತು ಎಂಟು ಗಂಟೆಗೆ ಬಂದು ಬಾಗಿಲು ತೆಗೆದರೆ ಕೆಲಸ ನಿನ್ನದೇ, ಆಗದಿದ್ದರೆ ಈ ದಡದಲ್ಲಿರುವ ಯಾರಿಗಾದರೂ ಕೀಲಿ ಕೊಡಬೇಕಾಗುತ್ತದೆ ಎಂದು ಬೇಸರದಿಂದಲೇ ಹೇಳಿದರು.

ತಂಗಿ ಮನೆಗೆ ಬಂದು ಗಂಡನ ಒಂದೇ ಕರವಸ್ತ್ರವನ್ನು ನಾಲ್ಕು ಸಲ ಇಸ್ತ್ರಿ ಮಾಡಿದಳು. ನಾಲ್ಕನೆಯ ಸಲಕ್ಕೆ ಭಾವ ಕೇಳಿದ, ಅವಳು ಹೇಳಿದಳು.

"ಅಷ್ಟೇ ತಾನೆ, ನಾನು ದಾಟಿಸ್ತೀನಿ," ಎಂದ ಭಾವ.

"ಏನನ್ನ?"

"ನಿನ್ನನ್ನ. ಮೂವತ್ನಾಲ್ಕು ವರ್ಷ ಕಂಡೋರನ್ನೆಲ್ಲ ಅವರವರ ಕೆಲಸದ ಬಾಗಿಲಿಗೆ ಮುಟ್ಟಿಸಿದೀನಿ. ಕಟ್ಕೊಂಡ ಹೆಂಡ್ತಿನ ಒಂದು ಕೆರೆ ದಾಟಿಸಕ್ಕಾಗಲ್ವಾ?"

ನಾನು ಅಲ್ಲೇ ಕೂತಿದ್ದೆ. ನಗಬೇಕೆಂದಿದ್ದೆ, ತಂಗಿ ಇಸ್ತ್ರಿಪೆಟ್ಟಿಗೆ ಹಿಡಿದು ನಿಂತಿದ್ದ ರೀತಿ ನೋಡಿ ನಗು ನುಂಗಿಕೊಂಡೆ.

ಮೂರೇ ದಿನಕ್ಕೆ ದೋಣಿ ಬಂತು. ಕೊಟ್ಟವನು ಮೀನು ಹಿಡಿಯುವುದನ್ನು ಬಿಟ್ಟು ಮೊಮ್ಮಕ್ಕಳನ್ನು ಹಿಡಿಯುವ ಕೆಲಸಕ್ಕೆ ಇಳಿದಿದ್ದ ಒಬ್ಬ ಕಿವುಡಜ್ಜ. ಮರದ ದೋಣಿ, ಮೂರು ಜನ ಕೂರಬಹುದು, ನಾಲ್ಕನೆಯವನು ಹತ್ತಿದರೆ ಯಾರಾದರೊಬ್ಬರು ಈಜಬೇಕು. ಅದರ ಹಿಂಬದಿಯ ಹಲಗೆಗೆ ಕಚ್ಚಿಕೊಂಡಿತ್ತು ಇಂಜಿನ್ನು. ನಮ್ಮಿಬ್ಬರ ಮದುವೆಗಿಂತ ಹಳೆಯದು. ಒಂದು ಕಾಲದಲ್ಲಿ ಹಸಿರು ಬಣ್ಣ ಇದ್ದಿರಬೇಕು. ಕೆಳಗೆ ನೀರಿನಲ್ಲಿ ತಿರುಗುವ ಫ್ಯಾನು, ನಡುವೆ ಕಬ್ಬಿಣದ ಹೊಟ್ಟೆ, ನೆತ್ತಿಯ ಮೇಲೆ ಟೋಪಿ ಇಟ್ಟಂತೆ ಪೆಟ್ರೋಲ್ ಟ್ಯಾಂಕು. ಬುಗುರಿಗೆ ಹುರಿ ಸುತ್ತಿದ ಹಾಗೆ ಚಕ್ರಕ್ಕೆ ಹಗ್ಗ ಸುತ್ತಿ ಎಳೆದರೆ ಹೊತ್ತಿಕೊಳ್ಳಬೇಕು. ಟ್ಯಾಂಕಿನ ಮೇಲೆ ಏನೇನೋ ಸೂಚನೆ ಅಚ್ಚಾಗಿತ್ತು. ಬಿಸಿಲು ಮಳೆಗೆ ಅಕ್ಷರವೆಲ್ಲ ಅಳಿಸಿ ಒಂದು ಬಾಣದ ಗುರುತು ಮಾತ್ರ ಉಳಿದಿತ್ತು, ಅದು ಆಕಾಶವನ್ನು ತೋರಿಸುತ್ತಿತ್ತು.

ಅಜ್ಜ ಒಂದೇ ಎಳೆತಕ್ಕೆ ಇಂಜಿನ್ ಹೊತ್ತಿಸಿ ಭಾವನನ್ನು ಕೂರಿಸಿಕೊಂಡು ಆಚೆ ದಡ ಮುಟ್ಟಿಸಿ ಕರೆತಂದ. ಇಂಜಿನ್ ಹೇಗಿದೆ ಅಂದರೆ "ಹೌದು" ಅಂದ. ಎಷ್ಟು ವರ್ಷದ್ದು ಅಂದರೂ "ಹೌದು" ಅಂದ. ಆ ಇಂಜಿನ್ನಿನ ಸದ್ದಿಗೇ ಅಜ್ಜನ ಕಿವಿ ಹೋದದ್ದೆಂದು ಯಾರೋ ಹೇಳಿದರು. ಒಬ್ಬ ಮನುಷ್ಯನ ಎರಡೂ ಕಿವಿಗಳಿಗಿಂತ ಹೆಚ್ಚು ಕಾಲ ಬಾಳಿದ ಇಂಜಿನ್ನಿಗೆ ಇನ್ಯಾವ ಗ್ಯಾರಂಟಿ ಬೇಕು ಎಂಬುದು ಭಾವನ ವಾದ. ಅದನ್ನು ಮುರಿಯಲು ನನ್ನಿಂದ ಇವತ್ತಿಗೂ ಆಗಿಲ್ಲ.

ಮಾರನೆಯ ದಿನ ಮೊದಲ ಪ್ರಯೋಗ. ತಂಗಿ ಬೆಳಗಿನ ಐದೂವರೆಗೇ ವ್ಯಾನು ಹತ್ತಿ ಹೋಗಿಬಿಡುತ್ತಿದ್ದಳು, ಬರುವಾಗ ಕತ್ತಲಾಗುತ್ತಿತ್ತು. ಹಾಗಾಗಿ ದೋಣಿಯ ಸಿಬ್ಬಂದಿ ಎಂದರೆ ಭಾವ ಮತ್ತು ನಾನು. ಅವನು ಹಿಂದೆ ಇಂಜಿನ್ನಿನ ಹತ್ತಿರ, ನಾನು ಮುಂದೆ ಎರಡು ಹುಟ್ಟುಗಳ ಪಕ್ಕ. ಅರ್ಧ ಟ್ಯಾಂಕಿನಲ್ಲಿ ಹೊರಡುವುದು ಅವನ ಜಾತಕದಲ್ಲಿಲ್ಲ. ಆಯಿಲ್ ಬೆರೆಸಿದ ಪೆಟ್ರೋಲನ್ನು ಕಂಠದವರೆಗೆ ತುಂಬಿ ಮುಚ್ಚಳ ಬಿಗಿದ. ಆಗ ಆ ಮುಚ್ಚಳದ ನೆತ್ತಿಯಲ್ಲಿ ಕಡಲೆಕಾಳಿನಷ್ಟು ದಪ್ಪದ ಒಂದು ತಿರುಪು ಸಡಿಲವಾಗಿರುವುದು ಅವನ ಕಣ್ಣಿಗೆ ಬಿತ್ತು.

"ನೋಡೋ, ನಲವತ್ತು ವರ್ಷ ಓಡಿಸಿದಾನೆ ಅಜ್ಜ. ಒಂದು ತಿರುಪು ಬಿಗಿ ಮಾಡ್ಬೇಕು ಅನ್ನೋ ಜ್ಞಾನ ಇಲ್ಲ," ಎಂದು ಅದನ್ನು ಉಗುರು ಬೆಳ್ಳಗಾಗುವ ತನಕ ತಿರುಗಿಸಿ, ಜಾಲರಿ ಬಾಗಿಲನ್ನು ಜಗ್ಗಿ ನೋಡುವ ಹಾಗೆ ಎರಡು ಸಲ ಜಗ್ಗಿ ನೋಡಿದ.

ಮೂರನೆಯ ಎಳೆತಕ್ಕೆ ಇಂಜಿನ್ ಹೊತ್ತಿಕೊಂಡಿತು. ಎಂಥ ಸದ್ದು. ಹಿಂದಿನ ವಾರ ಸತ್ತವರು ಎದ್ದು ಕೂತು ಯಾರು ಬಂದರು ಎಂದು ಕೇಳಿರಬೇಕು. ಹೊಗೆಗೆ ಮೀನುಗಳು ಕೆಮ್ಮಿದವು. ಭಾವ ಎದೆಯುಬ್ಬಿಸಿ ಕೂತು, "ಹೋಗ್ತಾ ಇದೆ, ಆಚೆ ದಡ," ಎಂದು ಘೋಷಿಸಿದ. ಹತ್ತು ನಿಮಿಷ ಕೆರೆಯೇ ನಮ್ಮದು. ನೀರಿನ ಆಳ ತೋರಿಸಲು ನೆಟ್ಟ ಮೊದಲನೆಯ ಕಂಬದ ಹತ್ತಿರ, ದಾರಿಯಲ್ಲಿ ಮೂರರಲ್ಲೊಂದು ಪಾಲು ಮುಗಿದಿರುವಲ್ಲಿ, ಇಂಜಿನ್ನು ಎರಡು ಸಲ ಬಿಕ್ಕಿ ನಿಂತುಹೋಯಿತು.

ಭಾವ ಹಗ್ಗ ಸುತ್ತಿ ಎಳೆದ. ಮತ್ತೆ ಸುತ್ತಿ ಎಳೆದ. ಎಳೆದೂ ಎಳೆದೂ ಆ ವಾರದ ಕೊನೆಗೆ ಅವನ ಬಲಗೈ ಎಡಗೈಗಿಂತ ಒಂದು ಗೇಣು ಉದ್ದವಾಗಿ, ನಿಂತಲ್ಲೇ ಚಪ್ಪಲಿ ಎತ್ತಿಕೊಳ್ಳುವಂತಾಯಿತು. ನಾನು ಹುಟ್ಟು ಹಾಕಿ ದೋಣಿಯನ್ನು ವಾಪಸು ತಂದೆ. ದಡಕ್ಕೆ ಬಂದು ಟ್ಯಾಂಕಿನ ಮುಚ್ಚಳ ತೆಗೆದು ಪೆಟ್ರೋಲಿದೆಯೇ ನೋಡಿ, ಮುಚ್ಚಿ, ಎಳೆದರೆ ಭರ್ ಎಂದು ಹೊತ್ತಿಕೊಂಡಿತು. ಹೊರಟೆವು. ಅದೇ ಕಂಬ. ಆ ದಿನ ಮೂರು ಸಲ, ಮಾರನೆಯ ದಿನ ನಾಲ್ಕು ಸಲ, ಎಲ್ಲ ಸಲವೂ ಅದೇ ಕಂಬ. ಕಂಬದ ಮೇಲೆ ಕೂರುತ್ತಿದ್ದ ನೀರುಕಾಗೆಗೆ ನಮ್ಮ ಗುರುತು ಹತ್ತಿ, ನಾವು ಬರುವುದು ಕಂಡರೆ ದೋಣಿ ಕಟ್ಟಲು ಜಾಗ ಬಿಟ್ಟು ಪಕ್ಕಕ್ಕೆ ಸರಿಯುತ್ತಿತ್ತು.

ನೀರಿನ ನಡುವೆಯೇ ಟ್ಯಾಂಕು ತೆರೆದು ನೋಡೋಣವೆಂದು ನಾನು ಒಮ್ಮೆ ಹೇಳಿದೆ. ಭಾವ ನನ್ನನ್ನು ನೋಡಿದ ರೀತಿಯಲ್ಲಿ ಆ ಕಂಪನಿಯ ಯಜಮಾನರ ಗತಿ ಏನಾಗಿತ್ತೆಂದು ಅರ್ಥವಾಯಿತು. "ನಡುವೆ ತೆರೀಬಾರ್ದು," ಎಂದ, ಅಷ್ಟೇ. ನಾನು ಹುಟ್ಟು ಹಿಡಿದೆ.

ಸಂಜೆ ತಂಗಿ ಬಂದು ಏನಾಯಿತೆಂದು ಕೇಳಿದರೆ ಇವನು ಕೆಳಗೆ ನೋಡದೆ, ಮೊದಲನೇ ಕಂಬದ ತನಕ ಬಹಳ ಚೆನ್ನಾಗಿ ಹೋಯಿತು ಎನ್ನುತ್ತಿದ್ದ. ಸುಳ್ಳಲ್ಲ.

ಬೈಕ್ ರಿಪೇರಿಯವನನ್ನು ಕರೆದೆವು. ಅವನ ಕೈಗುಣ ದೊಡ್ಡದು, ಎದೆಗುಂಡಿಗೆ ಚಿಕ್ಕದು. ನೀರೆಂದರೆ ಬಕೆಟಿನಲ್ಲಿದ್ದರೂ ಅವನಿಗೆ ಭಯ. ದೋಣಿ ಹತ್ತೆಂದರೆ ಸತ್ತರೂ ಹತ್ತುವುದಿಲ್ಲ. ಆದ್ದರಿಂದ ಇಂಜಿನ್ನನ್ನೇ ಬಿಚ್ಚಿ ಇಬ್ಬರೂ ಹೊತ್ತುಕೊಂಡು ಹೋಗಿ ಅವನ ಶೆಡ್ಡಿನಲ್ಲಿ ಇಳಿಸಿದೆವು. ಅವನು ಪ್ಲಗ್ಗು ಬಿಚ್ಚಿ ಮೂಸಿ ನೋಡಿ, ಕಪ್ಪಾಗಿದೆ ಎಂದು ಹೊಸದು ಹಾಕಿದ. ನೀರು ತುಂಬಿದ ಡ್ರಮ್ಮಿಗೆ ಇಂಜಿನ್ ಸಿಕ್ಕಿಸಿ ಅರ್ಧ ಗಂಟೆ ಓಡಿಸಿ ತೋರಿಸಿದ. ಒಂದು ಸಲವೂ ಬಿಕ್ಕಲಿಲ್ಲ. ಶೆಡ್ಡಿನೊಳಗೆ ಹೊಗೆ ಕವಿದು ಅವನು ತನ್ನ ಗಿರಾಕಿಗಳನ್ನು ದನಿಯಿಂದಲೇ ಗುರುತಿಸುವಂತಾಯಿತು. ಭಾವ ಖುಷಿಯಲ್ಲಿ ಇಂಜಿನ್ ಎತ್ತಿಕೊಂಡು ಬಂದು ದೋಣಿಗೆ ಕಚ್ಚಿಸಿದ. ನೋಡಿದರೆ ಮುಚ್ಚಳದ ಮೇಲಿನ ತಿರುಪು ಸಡಿಲ.

ಈ ರಿಪೇರಿಯವರೆಲ್ಲ ಒಂದೇ ಗರಡಿಯವರು, ಒಂದು ಸರಿ ಮಾಡಿದರೆ ಇನ್ನೊಂದನ್ನು ಹಾಗೇ ಬಿಟ್ಟಿರುತ್ತಾರೆ ಎಂದು ಬೈದುಕೊಳ್ಳುತ್ತ ತಿರುಪನ್ನು ಬಿಗಿ ಮಾಡಿದ. ಹೊರಟೆವು. ಕಂಬ. ನೀರುಕಾಗೆ. ಹುಟ್ಟು.

ಎರಡನೆಯ ಸಲ ರಿಪೇರಿಯವನು ಕಾರ್ಬೊರೇಟರ್ ಬಿಚ್ಚಿ ತೊಳೆದ. ಆ ಗಡಿಬಿಡಿಯಲ್ಲಿ ಅರ್ಧ ಪೆಟ್ರೋಲು ಚೆಲ್ಲಿಹೋಯಿತು. ಮತ್ತೆ ಡ್ರಮ್ಮಿನಲ್ಲಿ ಅರ್ಧ ಗಂಟೆ ಗಡಿಯಾರದ ಹಾಗೆ ಓಡಿತು. ಅವತ್ತು ಭಾವ, ಅಪರೂಪಕ್ಕೆ, ತುಂಬಿಸದೆ ಹೊರಟ. ಇಂಜಿನ್ನು ಮೊದಲನೆಯ ಕಂಬ ದಾಟಿ ಎರಡನೆಯ ಕಂಬದ ಹತ್ತಿರ ಹೋಗಿ ನಿಂತಿತು. ಹೆಚ್ಚು ಪೆಟ್ರೋಲು ಕೊಟ್ಟರೆ ಕಡಿಮೆ ದೂರ, ಕಡಿಮೆ ಕೊಟ್ಟರೆ ಹೆಚ್ಚು ದೂರ! ಭಾವ ಯೋಚಿಸಿ, ಇದು ಅಜೀರ್ಣ ಎಂದು ತೀರ್ಮಾನ ಕೊಟ್ಟ. ನಾನು ಒಪ್ಪಿದೆ. ಎರಡನೆಯ ಕಂಬದಿಂದ ಹುಟ್ಟು ಹಾಕಿ ವಾಪಸು ಬಂದವನು ಎಂಥ ಮಾತನ್ನಾದರೂ ಒಪ್ಪುತ್ತಾನೆ.

ಮೂರನೆಯ ಸಲಕ್ಕೆ ರಿಪೇರಿಯವನು ಕೈ ಒರೆಸಿಕೊಂಡು ಸ್ಟೂಲಿನ ಮೇಲೆ ಕೂತುಬಿಟ್ಟ. "ನೋಡಿ ಅಣ್ಣ, ನನ್ನ ಹತ್ರ ಇದ್ರೆ ಓಡತ್ತೆ, ನಿಮ್ಮ ಹತ್ರ ಬಂದ್ರೆ ನಿಲ್ಲತ್ತೆ. ಇಂಜಿನ್ ಸರಿಯಾಗಿದೆ. ಇನ್ನು ನಿಮ್ಮನ್ನೇ ಬಿಚ್ಚಿ ನೋಡ್ಬೇಕು."

ಆ ದಿನ ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವನು ಹೇಳಿದ್ದು ಅಕ್ಷರಶಃ ನಿಜವೆಂದು ಆಮೇಲೆ ಗೊತ್ತಾಯಿತು.

ಭಾನುವಾರ ಬಂತು. ಮರುದಿನವೇ ಮೇಟ್ರನ್ ಹೇಳಿದ ಸೋಮವಾರ. ಕೊನೆಯ ಉಪಾಯವಾಗಿ ಕಿವುಡಜ್ಜನ ಮನೆಗೆ ಹೋದೆವು. ಅಜ್ಜ ವರಾಂಡದಲ್ಲಿ ಕೂತು ಒಂದು ಮಗುವಿನ ತಲೆ ಬಾಚುತ್ತಿದ್ದ. ಪ್ಲಗ್ಗೇ ಎಂದು ಕೇಳಿದರೆ ಹೌದು ಅಂದ. ಕಾರ್ಬೊರೇಟರೇ? ಹೌದು. ಫ್ಯಾನೇ? ಹೌದು. ನಿನ್ನ ತಲೆಯೇ ಎಂದು ನಾನು ಮೆಲ್ಲಗೆ ಕೇಳಿದ್ದಕ್ಕೂ ಹೌದು ಅಂದ. ಆಗ ಭಾವ ಕೈಸನ್ನೆ ಶುರು ಮಾಡಿದ. ಹಗ್ಗ ಎಳೆದು ತೋರಿಸಿದ, ಭರ್ ಅಂದ, ಬಿಕ್ಕಿದ, ಕಣ್ಣು ಮುಚ್ಚಿ ತಲೆ ವಾಲಿಸಿ ಸತ್ತು ತೋರಿಸಿದ. ಅಜ್ಜನಿಗೆ ತಿಳಿಯಿತು. ಬಾಚಣಿಗೆ ಕೆಳಗಿಟ್ಟು, ಬೊಚ್ಚುಬಾಯಿ ತೆರೆದು ನಕ್ಕು, ಹೆಬ್ಬೆರಳು ತೋರುಬೆರಳು ಸೇರಿಸಿ ತಲೆಯ ಮೇಲೆ ಏನನ್ನೋ ತಿರುಗಿಸಿದ ಹಾಗೆ ಮಾಡಿದ.

ಬೆರಳು ತಿರುಗಿಸಿದ್ದು ನಾವಿಬ್ಬರೂ ನೋಡಿದೆವು. ಯಾವ ಕಡೆಗೆ ತಿರುಗಿಸಿದನೆಂದು ನಾನಂತೂ ನೋಡಲಿಲ್ಲ. ಭಾವನಿಗೆ ನೋಡುವ ಅಗತ್ಯವೇ ಇರಲಿಲ್ಲ, ಅವನ ಲೋಕದಲ್ಲಿ ತಿರುಪು ತಿರುಗುವುದು ಒಂದೇ ಕಡೆಗೆ.

"ಬಿಗಿ ಸಾಲ್ದು ಅಂತಿದಾನೆ," ಎಂದ. ಮನೆಗೆ ಬಂದವನೇ ಇಕ್ಕಳ ಹುಡುಕಿ ಜೇಬಿಗೆ ಹಾಕಿಕೊಂಡ.

ಆ ಸಂಜೆ ನಾನು ತಂಗಿಯನ್ನು ಅಡುಗೆಮನೆಯ ಬಾಗಿಲಲ್ಲಿ ತಡೆದು, ನನ್ನ ಮಾತು ಕೇಳಮ್ಮ, ಬೆಳಿಗ್ಗೆ ಐದರ ಬಸ್ಸು ಹಿಡಿ ಎಂದೆ. ಅವಳು ಕೈಚೀಲದಲ್ಲಿ ಕೀಲಿಗೊಂಚಲು ಇದೆಯೇ ಎಂದು ಮುಟ್ಟಿ ನೋಡಿಕೊಂಡಳು.

"ನಾಳೆ ಒಂದು ದಿನ ಬಸ್ಸಲ್ಲಿ ಹೋಗ್ಬಹುದು ಅಣ್ಣ. ನಾಡಿದ್ದು? ಎರಡು ವರ್ಷ? ಈ ಮಂಡಿ ಇಟ್ಕೊಂಡು ದಿನಕ್ಕೆ ಐದು ಗಂಟೆ ಬಸ್ಸಲ್ಲಿ ಕೂತ್ರೆ ನನ್ನನ್ನೇ ಆಸ್ಪತ್ರೆಗೆ ಸೇರಿಸ್ಬೇಕು. ದೋಣಿ ಹೋಗೋದಾದ್ರೆ ನಾಳೇನೇ ಹೋಗ್ಲಿ. ಹೋಗದಿದ್ರೆ ಅದೂ ನಾಳೇನೇ ಗೊತ್ತಾಗ್ಲಿ."

ಒಳಗಿನಿಂದ ಭಾವನ ಗೊರಕೆ ಕೇಳುತ್ತಿತ್ತು. ಇನ್ನೂ ಎಂಟು ಗಂಟೆ. ನಾಳೆ ಇಂಥ ಪರೀಕ್ಷೆ ಇಟ್ಟುಕೊಂಡು ಹಾಗೆ ಮಲಗಬಲ್ಲವನಿಗೆ ಒಂದೋ ಜ್ಞಾನ ಇರಬೇಕು, ಇಲ್ಲ ಅದು ಪೂರ್ತಿ ಇಲ್ಲದಿರಬೇಕು.

ಸೋಮವಾರ ಏಳಕ್ಕೆ ಐದು ನಿಮಿಷ ಮೊದಲೇ ಮೂವರೂ ದೋಣಿಯಲ್ಲಿದ್ದೆವು. ನಾನು ಮುಂದೆ, ಅವನು ಹಿಂದೆ, ತಂಗಿ ನಡುವಿನ ಹಲಗೆಯ ಮೇಲೆ ಅವನ ಕಡೆಗೆ ಮುಖ ಮಾಡಿ, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಬಸ್ಸಿನಲ್ಲಿ ಕೂತಷ್ಟೇ ನೆಟ್ಟಗೆ. ಭಾವ ಅಂದು ಲಿಫ್ಟಿನ ಕಾಲದ ಖಾಕಿ ಕೋಟು ಹಾಕಿಕೊಂಡು ಬಂದಿದ್ದ. ಕಂಠದವರೆಗೆ ಪೆಟ್ರೋಲು ತುಂಬಿದ, ಮುಚ್ಚಳ ಹಾಕಿದ, ಜೇಬಿನಿಂದ ಇಕ್ಕಳ ತೆಗೆದು ಆ ತಿರುಪನ್ನು ಹಲ್ಲು ಕಚ್ಚಿ ಬಿಗಿದ. ಎರಡು ಸಲ ಜಗ್ಗಿ ನೋಡಿದ. ಒಂದೇ ಎಳೆತ, ಭರ್. ತಂಗಿ ಮೂಗಿಗೆ ಸೆರಗು ಹಿಡಿದಳಾದರೂ ಅವಳ ಕಣ್ಣಿನಲ್ಲಿ ಒಂದು ಬೆಳಕು ಬಂತು. ಗಂಡ ಕೆಲಸ ಮಾಡುವುದನ್ನು ಅವಳು ನೋಡಿದ್ದು ಅದೇ ಮೊದಲು, ಮೂವತ್ತನಾಲ್ಕು ವರ್ಷದಲ್ಲಿ ಒಮ್ಮೆಯೂ ಅವನ ಲಿಫ್ಟು ಹತ್ತಿರಲಿಲ್ಲ.

ಕಂಬ ಬಂತು. ಇಂಜಿನ್ನು ಎರಡು ಸಲ ಬಿಕ್ಕಿತು.

ಸದ್ದು ನಿಂತ ಮೇಲೆ ಕೆರೆ ಎಷ್ಟು ದೊಡ್ಡದೆಂದು ತಿಳಿಯುತ್ತದೆ. ಏಳು ಗಂಟೆ ಹತ್ತು ನಿಮಿಷ. ಅಲ್ಲಿಂದ ಆಚೆ ದಡಕ್ಕೆ ಹುಟ್ಟು ಹಾಕಿದರೆ ನನ್ನ ತೋಳಿನಲ್ಲಿ ಒಂದೂಕಾಲು ಗಂಟೆ, ಹುಡುಗರ ತೋಳಿನಲ್ಲಾದರೂ ಒಂದು ಗಂಟೆ. ಲೆಕ್ಕ ನಮ್ಮ ಮೂವರಿಗೂ ಗೊತ್ತಿತ್ತು. ಭಾವ ಹಗ್ಗ ಸುತ್ತಿ ಎಳೆದ, ಸುತ್ತಿ ಎಳೆದ. ಮೂರು ವಾರದಲ್ಲಿ ಮೊದಲ ಬಾರಿ ಅವನ ಕುತ್ತಿಗೆಯ ಹಿಂದೆ ಬೆವರು ಕಂಡೆ. ಹುಟ್ಟಿಗೆ ಕೈ ಹಾಕಿದೆ.

"ಸ್ವಲ್ಪ ತಡಿ ಅಣ್ಣ," ಎಂದಳು ತಂಗಿ. ಆಮೇಲೆ ಅವನಿಗೆ, "ರೀ, ಎಳೆಯೋದು ನಿಲ್ಲಿಸಿ. ಹೊರಡೋ ಮುಂಚೆ ಇಕ್ಕಳ ಹಾಕಿ ಏನೋ ತಿರುಗಿಸಿದ್ರಲ್ಲ, ಅದೇನದು?"

"ತಿರುಪು. ಬಿಗಿ ಮಾಡ್ದೆ."

"ಅದು ಅಲ್ಲಿ ಯಾಕಿದೆ?"

ಭಾವನ ಕೈ ಗಾಳಿಯಲ್ಲೇ ನಿಂತಿತು. ಪ್ಲಗ್ಗು, ಕಾರ್ಬೊರೇಟರ್, ಅಜೀರ್ಣ ಎಲ್ಲ ಆಗಿತ್ತು. ಈ ಪ್ರಶ್ನೆಯೊಂದನ್ನು ಯಾರೂ ಕೇಳಿರಲಿಲ್ಲ.

"ಮುಚ್ಚಕ್ಕೆ," ಎಂದ.

"ಮುಚ್ಚೋಕೆ ಮುಚ್ಚಳ ಇದೆಯಲ್ಲ. ಮುಚ್ಚಳಕ್ಕೆ ಇನ್ನೊಂದು ಮುಚ್ಚಳ ಯಾರಾದ್ರೂ ಮಾಡ್ತಾರಾ? ಅದು ತೆಗಿಯಕ್ಕೆ ಇರೋದು ಕಣ್ರೀ." ಅವಳು ಚೀಲವನ್ನು ಪಕ್ಕಕ್ಕಿಟ್ಟಳು. ಹೊಸದಾಗಿ ಕೆಲಸಕ್ಕೆ ಸೇರಿದ ಹೆಂಗಸಿಗೆ ಹೇಳಿಕೊಡುವ ದನಿ ಬಂತು. "ನಮ್ಮ ಲಾಂಡ್ರಿಗೆ ಸೋಪಿನ ನೀರಿನ ಕ್ಯಾನ್ ಬರತ್ತೆ, ಇಪ್ಪತ್ತು ಲೀಟರಿಂದು. ಕೆಳಗೆ ನಲ್ಲಿ, ಮೇಲೆ ಒಂದು ಚಿಕ್ಕ ಬಿರಡೆ. ಬಿರಡೆ ಸಡಿಲ ಮಾಡದೆ ನಲ್ಲಿ ತಿರುಗಿಸಿದ್ರೆ ಸ್ವಲ್ಪ ಹೊತ್ತು ಬರತ್ತೆ, ಆಮೇಲೆ ನಿಂತ್ಹೋಗತ್ತೆ. ಕ್ಯಾನ್ ಪೂರ್ತಿ ತುಂಬಿದ್ರೆ ಇನ್ನೂ ಬೇಗ ನಿಲ್ಲತ್ತೆ. ಗಾಳಿ ಒಳಗೆ ಹೋಗ್ದೆ ಸೋಪು ಹೊರಗೆ ಬರಲ್ಲ. ಕೆಲಸಕ್ಕೆ ಬಂದೋರಿಗೆಲ್ಲ ಮೊದಲನೇ ದಿನ ನಾನು ಹೇಳ್ಕೊಡೋದೇ ಇದು."

ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ನಮ್ಮ ಹಿತ್ತಲ ಗಿಡ ದಿನಾ ಐದೂವರೆಗೆ ವ್ಯಾನು ಹತ್ತಿ ಹೋಗುತ್ತಿತ್ತು, ಕೇಳುವುದಕ್ಕಾದರೂ ಎಲ್ಲಿ ಸಿಗಬೇಕು?

ಭಾವ ತಿರುಪನ್ನು ನೋಡಿದ, ನೀರನ್ನು ನೋಡಿದ, ನನ್ನನ್ನು ನೋಡಿದ. ಆ ಮುಖದಲ್ಲಿ ಐದಕ್ಕೂ ಆರಕ್ಕೂ ನಡುವೆ ಜಾಲರಿಗೆ ಬೆನ್ನು ಕೊಟ್ಟು ನಿಂತವನು ಕಂಡ. "ನಡುವೆ ತೆರೀಬಾರ್ದು," ಎಂದ ಮೆತ್ತಗೆ.

"ಇದು ಲಿಫ್ಟಲ್ಲ. ನಾನು ಕೆಲಸಕ್ಕೆ ಹೊರಟಿದೀನಿ. ತೆಗೀರಿ."

ಅವನು ಇಕ್ಕಳ ಹಾಕಿದ. ತಿರುಪು ಬರಲಿಲ್ಲ. ಬರುವುದಾದರೂ ಹೇಗೆ, ಬಿಗಿದವನು ಯಾರು? ಆ ದಿನ ನಾನು ಕಂಡ ಕುಸ್ತಿಯನ್ನು ಇನ್ಯಾರೂ ಕಂಡಿರಲಾರರು. ಒಂದು ಕಡೆ ಮೂವತ್ತನಾಲ್ಕು ವರ್ಷ ಪಳಗಿದ ಕೈ, ಇನ್ನೊಂದು ಕಡೆಯೂ ಅದೇ ಕೈ. ದೋಣಿ ಎಡಕ್ಕೆ ವಾಲಿತು, ಬಲಕ್ಕೆ ವಾಲಿತು. ನಾಲ್ಕು ನಿಮಿಷ ಕಳೆಯಿತು. ಕೊನೆಗೆ ತಂಗಿ ಎದ್ದು ಬಂದು ಇಕ್ಕಳದ ಹಿಡಿಯ ಮೇಲೆ ಅವನ ಕೈಯ ಪಕ್ಕ ತನ್ನ ಕೈ ಇಟ್ಟಳು. ನೆನೆದ ಹೊದಿಕೆಗಳನ್ನು ಇಪ್ಪತ್ತೇಳು ವರ್ಷ ಹಿಂಡಿದ ಕೈ ಅದು. ತಿರುಪು ಕೀರ್ ಎಂದು ಒಂದು ಸುತ್ತು ಬಂತು.

ಟ್ಯಾಂಕು ಉಸಿರೆಳೆದುಕೊಂಡಿತು. ಸುಯ್ ಎಂದು ಎಷ್ಟು ಉದ್ದಕ್ಕೆ ಎಳೆದುಕೊಂಡಿತೆಂದರೆ ಕಂಬದ ಮೇಲಿನ ನೀರುಕಾಗೆ ತಾನೂ ಒಳಗೆ ಹೋದೀತೆಂದು ಕಂಬವನ್ನು ಎರಡೂ ರೆಕ್ಕೆಯಲ್ಲಿ ತಬ್ಬಿಕೊಂಡಿತು.

ಎರಡನೆಯ ಎಳೆತಕ್ಕೆ ಇಂಜಿನ್ನು ಹೊತ್ತಿಕೊಂಡಿತು. ಏಳೂ ಇಪ್ಪತ್ತು. ಹತ್ತು ನಿಮಿಷಕ್ಕೆ ಎರಡನೆಯ ಕಂಬ ಬಂತು, ನಾನು ಹುಟ್ಟಿಗೆ ಕೈ ಹಾಕಿದೆ, ಕಂಬ ಹಿಂದಕ್ಕೆ ಹೋಯಿತು. ಭಾವನ ಕಣ್ಣು ಮಾತ್ರ ಆ ತೆರೆದ ತಿರುಪಿನ ಮೇಲೇ ಇತ್ತು, ಬಾವಿಯ ಕಟ್ಟೆಯ ಮೇಲೆ ಕೂತ ಮಗುವನ್ನು ನೋಡುವ ಹಾಗೆ. ಅವನಿಗೆ ತಿಳಿಯದೆ ಬಲಗೈ ಒಮ್ಮೆ ಅತ್ತ ಹೋಯಿತು. ತಂಗಿ ಅದನ್ನು ಹಿಡಿದುಕೊಂಡಳು. ಹಿಡಿದವಳು ಬಿಡಲಿಲ್ಲ. ಆಚೆ ದಡ ಬರುವ ತನಕ ಅವನು ಎಡಗೈಯಲ್ಲೇ ದೋಣಿ ನಡೆಸಿದ. ಅಣ್ಣನ ಎದುರಿಗೆ ಅವಳು ಗಂಡನ ಕೈ ಹಿಡಿದದ್ದು ಮದುವೆಯ ದಿನ ಬಿಟ್ಟರೆ ಆ ದಿನವೇ. ನಾನು ಮರ್ಯಾದೆಗೆ ಮುಂದಿನ ದಡದ ಕಡೆ ಮುಖ ತಿರುಗಿಸಿ ಕೂತೆ.

ಏಳೂ ನಲವತ್ತೆರಡಕ್ಕೆ ದೋಣಿ ಮೆಟ್ಟಿಲಿಗೆ ತಾಗಿತು. ಭಾವ ಎದ್ದು ನಿಂತು ಕೋಟಿನ ಗುಂಡಿ ಸರಿಮಾಡಿಕೊಂಡ.

"ಆಚೆ ದಡ. ಆಸ್ಪತ್ರೆ, ಲಾಂಡ್ರಿ. ನೋಡ್ಕೊಂಡು ಇಳೀರಿ."

ತಂಗಿ ಇಳಿದಳು. ಎರಡು ಮೆಟ್ಟಿಲು ಹತ್ತಿ, ತಿರುಗಿ, ಯಾರೋ ಪರಿಚಯವಿಲ್ಲದ ಪ್ರಯಾಣಿಕಳ ಹಾಗೆ, "ಸಂಜೆ ಐದೂವರೆಗೆ ಈ ಕಡೆಯಿಂದ ಒಬ್ರು ಇದಾರೆ," ಎಂದಳು. ಚೀಲದ ಒಳಜೇಬಿಗೆ ಕೈ ಹಾಕಿಕೊಂಡೇ ಮೇಲೆ ಹೋದಳು. ಲಾಂಡ್ರಿಯ ದೊಡ್ಡ ಬಾಗಿಲಿನ ಕೀಲು ಕಿರುಗುಟ್ಟಿದ್ದು ನಮಗೆ ಕೆಳಗೆ ಕೇಳಿಸಿತು. ಎಂಟಕ್ಕೆ ಇನ್ನೂ ಏಳು ನಿಮಿಷ ಇತ್ತು.

ಈ ಸುದ್ದಿ ಹೇಳಿದಾಗ ಬೈಕ್ ರಿಪೇರಿಯವನು, ನಾನು ಹೇಳಿರಲಿಲ್ಲವಾ ಎಂದ. ಹೇಳಿದ್ದ. ಕಿವುಡಜ್ಜ ಹೌದು ಎಂದ. ಅವನೂ ಹೇಳಿದ್ದ.

ಈಗ ದೋಣಿಗೆ ಏಳು ತಿಂಗಳು. ಭಾನುವಾರ ಬಿಟ್ಟು ದಿನಾ ಏಳಕ್ಕೆ ಹೋಗಿ ಸಂಜೆ ಐದೂವರೆಗೆ ಬರುತ್ತದೆ. ಒಂದು ದಿನವೂ ಕಂಬದ ಹತ್ತಿರ ನಿಂತಿಲ್ಲ, ನೀರುಕಾಗೆಗೆ ಬೇಜಾರಾಗಿ ಅದು ಬೇರೆ ಕಂಬಕ್ಕೆ ಹೋಗಿದೆ. ಹೊರಡುವ ಮೊದಲು ಭಾವ ತಿರುಪನ್ನು ಒಂದು ಸುತ್ತು ಸಡಿಲ ಮಾಡಿ, ಎರಡು ಸಲ ಅಲ್ಲಾಡಿಸಿ ನೋಡುತ್ತಾನೆ. ಹಳೆಯ ನಿಯಮ ಹೋಯಿತು, ಹೊಸದು ಬಂತು. ಅವನದು ಅರ್ಧಂಬರ್ಧ ಮನಸ್ಸಲ್ಲ, ತೆರೆಯುವುದೆಂದರೆ ತೆರೆಯುವುದೇ.

ಅದು ದೋಣಿಯಾಚೆಗೂ ಹೋಗಿದೆಯೆಂದು ನನಗೆ ಮೊನ್ನೆಯವರೆಗೆ ಗೊತ್ತಿರಲಿಲ್ಲ. ತಂಗಿಯ ಮನೆಗೆ ಹೋಗಿದ್ದೆ, ಚಹಾಕ್ಕೆ ಸಕ್ಕರೆ ಕಡಿಮೆ ಎನಿಸಿತು. ಕಪಾಟಿನ ಮೇಲಿನ ಡಬ್ಬಿಯನ್ನು, ಅದರ ಹಳೆಯ ಶಕ್ತಿಯನ್ನು ನಂಬಿ, ಮುಚ್ಚಳದಲ್ಲೇ ಹಿಡಿದು ಎತ್ತಿದೆ. ಮುಚ್ಚಳ ನನ್ನ ಕೈಯಲ್ಲಿ ಉಳಿಯಿತು. ಎರಡು ಕಿಲೋ ಸಕ್ಕರೆ ನನ್ನ ತಲೆ, ಭುಜ, ಚಹಾ, ಅಡುಗೆಮನೆ ಎಲ್ಲ ತುಂಬಿ ಹೊಸ್ತಿಲು ದಾಟಿತು.

ತಂಗಿ ಪೊರಕೆ ತಂದಳು. ಬೈಯಲಿಲ್ಲ. "ಇರ್ಲಿ ಬಿಡಣ್ಣ, ಅವರಿಗೆ ಈಗ ಎಲ್ಲಕ್ಕೂ ಗಾಳಿ ಬೇಕು," ಎಂದು ಗುಡಿಸತೊಡಗಿದಳು.

ಭಾವ ವರಾಂಡದಿಂದ ಇಣುಕಿ ನೋಡಿ, "ಡಬ್ಬಿ ಹಿಡಿಯೋಕೆ ನಿಂಗೆ ಚಿಕ್ಕಂದಿನಿಂದ್ಲೂ ಬರಲ್ಲ," ಎಂದ.